ಪರಿಮಿತ ಘಟಕ ತಂತ್ರಾಂಶದಲ್ಲಿ ಸಂಧಿಮುಖದ ನಿಬಂಧನೆಗಳು

ಒಂದೇ ಕಾಯದಲ್ಲಿ ಎರಡು ದ್ರವ್ಯಗಳು ಕೂಡುವ ಮೇಲ್ಮೈಯನ್ನು ಸಂಧಿಮುಖವೆನ್ನಬಹುದು. ಪರಿಮಿತ ಘಟಕ ವಿಧಾನವನ್ನು ಬಳಸುವವರು ಈ ಮೇಲ್ಮೈಯ ಬಗ್ಗೆ ಬಹುವೇಳೆ ಏನನ್ನೂ ನಮೂದಿಸುವುದಿಲ್ಲ. (ಫೈನೈಟ್ ಎಲಿಮೆಂಟ್ ಎಂಬ ಹೆಸರನ್ನು 1960ರಲ್ಲಿ ಬಳಕೆಗೆ ತಂದವರು ಕ್ಲಫ್.) ನಮೂದಿಸದಿದ್ದರೂ ಉತ್ತರ ಸರಿಯಾಗಿ ಬರುವುದುಂಟು, ಅದೇ ಕಾರಣದಿಂದ ಪೂರ್ತಿ ತಪ್ಪಾಗುವುದೂ ಉಂಟು.

10 ಮಿ.ಮೀ. ದಪ್ಪದ ಉಕ್ಕಿನ ಹಲಗೆಗೆ ಅಷ್ಟೇ ದಪ್ಪದ ತಾಮ್ರದ ಹಲಗೆಯನ್ನು ಬೆಸೆಯಲಾಗಿದೆ ಎಂದು ಭಾವಿಸಬಹುದು. ಉಕ್ಕಿನ ಹೊರಮುಖದ ತಾಪ 100 ಡಿಗ್ರಿ ಸೆಲ್ಸಿಯಸ್, ತಾಮ್ರದ್ದು 0 ಡಿಗ್ರಿ. ಉಷ್ಣವಾಹಕತೆ ಕ್ರಮವಾಗಿ 50 ಮತ್ತು 400 ವ್ಯಾಟ್ ಪ್ರತಿ ಮೀಟರ್-ಕೆಲ್ವಿನ್. ಸಂಧಿಮುಖದ ಎರಡೂ ಬದಿಯಲ್ಲಿ ತಾಪ ಒಂದೇ ಆಗಿರಬೇಕು. ಉಕ್ಕಿನಿಂದ ಹೊರಟ ಉಷ್ಣಪ್ರವಾಹವೆಲ್ಲವೂ ತಾಮ್ರವನ್ನು ಸೇರಬೇಕು. ಹೀಗಾದಾಗ ಸಂಧಿಮುಖದ ತಾಪ 11.1 ಡಿಗ್ರಿ. ಉಕ್ಕಿನಲ್ಲಿ ತಾಪ ಇಳಿಯುವ ದರ ತಾಮ್ರದಲ್ಲಿರುವುದರ ಎಂಟರಷ್ಟು.

ಎರಡು ವಲಯಗಳ ಜಾಲಗಳು ಸಂಧಿಮುಖದಲ್ಲಿ ಒಂದೇ ನೋಡ್‌ಗಳನ್ನು ಹಂಚಿಕೊಂಡಿದ್ದರೆ ಮೊದಲನೆಯ ನಿಬಂಧನೆ ರಚನೆಯಿಂದಲೇ ಸಿದ್ಧಿಸುತ್ತದೆ. ಎರಡನೆಯದು ಸಮೀಕರಣದ ಅನುಕಲನ ರೂಪದಲ್ಲಿಯೇ ಅಡಗಿದೆ. ಭಾಗಶಃ ಅನುಕಲನ ಮಾಡಿದಾಗ ಎರಡೂ ಬದಿಯಿಂದ ಒಂದೊಂದು ಅಂಚಿನ ಪದ ಹುಟ್ಟುತ್ತದೆ. ಅವುಗಳ ಮೊತ್ತವನ್ನು ಕೈಬಿಡುವುದೆಂದರೆ ಪ್ರವಾಹದ ಸಮತೋಲವನ್ನು ವಿಧಿಸಿದಂತೆಯೇ.

ತೊಡಕು ಇಲ್ಲಿಯೇ ಇದೆ. ಬಿಡಿಭಾಗಗಳಿಗೆ ಪ್ರತ್ಯೇಕವಾಗಿ ಜಾಲ ಹೆಣೆದಾಗ ಸಂಧಿಮುಖದಲ್ಲಿ ಒಂದೇ ಸ್ಥಳದಲ್ಲಿ ಎರಡು ನೋಡ್‌ಗಳು ಕೂರುತ್ತವೆ. ಆಗ ಕೈಬಿಟ್ಟ ಪದದ ಅರ್ಥವೇ ಬದಲಾಗಿ, ಪ್ರತಿಯೊಂದು ಮುಖವೂ ಉಷ್ಣನಿರೋಧಕವೆಂದು ಗಣಕವು ತಿಳಿಯುತ್ತದೆ. ಉಕ್ಕು ಪೂರ್ತಿ 100 ಡಿಗ್ರಿ, ತಾಮ್ರ ಪೂರ್ತಿ 0 ಡಿಗ್ರಿ! ಚಿತ್ರ ಅಚ್ಚುಕಟ್ಟಾಗಿರುತ್ತದೆ, ದೋಷಸೂಚನೆಯೂ ಬರುವುದಿಲ್ಲ. ಕಾಮ್ಸಾಲ್ ತಂತ್ರಾಂಶದಲ್ಲಿ ‘ಯೂನಿಯನ್’ ಮತ್ತು ‘ಅಸೆಂಬ್ಲಿ’ ಎಂಬ ಎರಡು ಆಯ್ಕೆಗಳ ಅಂತರ ಇದೇ ಆಗಿದೆ. ಎರಡನೆಯದರಲ್ಲಿ ಅವಿಚ್ಛಿನ್ನತೆಯನ್ನು ಬಳಕೆದಾರನೇ ಹೇಳಬೇಕು.

ಹಾಗೆಂದು ಜೋಡಿ ನೋಡ್‌ಗಳನ್ನೇ ದೋಷವೆನ್ನುವಂತಿಲ್ಲ. ಬೆಸುಗೆಯಿಲ್ಲದೆ ಕೇವಲ ಒತ್ತಿಟ್ಟ ಹಲಗೆಗಳ ನಡುವೆ ಗಾಳಿಯ ಸಣ್ಣ ಎಡೆಗಳಿದ್ದು, ತಾಪ ಥಟ್ಟನೆ ಇಳಿಯುತ್ತದೆ. ಸ್ಪರ್ಶರೋಧ 0.0001 ಚದರ ಮೀಟರ್-ಕೆಲ್ವಿನ್ ಪ್ರತಿ ವ್ಯಾಟ್ ಆಗಿದ್ದರೆ ಉಕ್ಕಿನ ಬದಿ 38.5, ತಾಮ್ರದ ಬದಿ 7.7 ಡಿಗ್ರಿ. ಈ ಜಿಗಿತವನ್ನು ತೋರಿಸಲು ಎರಡು ನೋಡ್‌ಗಳೇ ಬೇಕು, ಜೊತೆಗೆ ಅವುಗಳನ್ನು ಬಂಧಿಸುವ ನಿಯಮವೂ ಬೇಕು.

ಜಾಲಗಳು ಹೊಂದದಿರುವಾಗ ಹಲವು ಮಾರ್ಗಗಳಿವೆ. ದಂಡಪದವನ್ನು ಸೇರಿಸುವುದು ಸುಲಭ. ಆದರೆ ದಂಡಾಂಕ ಕಿರಿದಾದರೆ ಸಂಧಿ ಬಿರಿಯುತ್ತದೆ, ಹಿರಿದಾದರೆ ಸಮೀಕರಣಗಳ ಸಂಖ್ಯಾತ್ಮಕ ಸ್ಥಿತಿ ಕೆಡುತ್ತದೆ. ಬಾಬುಷ್ಕಾ 1973ರಲ್ಲಿ ವಿಶ್ಲೇಷಿಸಿದ ಲಗ್ರಾಂಜ್ ಗುಣಕಗಳು ನಿಖರವಾದರೂ ಅಜ್ಞಾತಗಳನ್ನು ಹೆಚ್ಚಿಸುತ್ತವೆ, ಗುಣಕಗಳ ಆಯ್ಕೆಯೂ ಸೂಕ್ಷ್ಮ. ನಿಟ್ಶೆ 1971ರಲ್ಲಿ ಅಂಚಿನ ನಿಬಂಧನೆಗಳಿಗಾಗಿ ಸೂಚಿಸಿದ ವಿಧಾನ ಈ ಎರಡರ ನಡುವಣದು. ಸಂಧಿಮುಖಕ್ಕೂ ಅದನ್ನು ವಿಸ್ತರಿಸಲಾಗಿದ್ದು, ಸಾಮಾನ್ಯ ಬಳಕೆಗೆ ಅದೇ ಹೆಚ್ಚು ಯೋಗ್ಯವೆನ್ನಬೇಕು.

ಒಳಬಂದ ಉಷ್ಣ ಹೊರಹೋದ ಉಷ್ಣಕ್ಕೆ ಸಮವಾಯಿತೆಂದು ತೃಪ್ತಿಪಡುವ ವಾಡಿಕೆ ಇಲ್ಲಿ ಸಾಲದು. ಕಡಿದುಹೋದ ಸಂಧಿಯಲ್ಲಿಯೂ ಸೊನ್ನೆಗೆ ಸೊನ್ನೆ ಸಮವಾಗಿಯೇ ಇರುತ್ತದೆ. ಬೆಸೆದ ಹಲಗೆಗಳಲ್ಲಿ ಪ್ರವಾಹವು ಚದರ ಮೀಟರಿಗೆ ಸುಮಾರು 444 ಕಿಲೋವ್ಯಾಟ್ ಎಂದು ಕೈಲೆಕ್ಕದಿಂದಲೇ ತಿಳಿಯುತ್ತದೆ; ತಂತ್ರಾಂಶವು ಕೊಟ್ಟ ಸಂಖ್ಯೆಯನ್ನು ಮೊದಲು ಅದರೊಡನೆ ಹೋಲಿಸಬೇಕಾಗುತ್ತದೆ.