ಅಳೆಯದೆಯೇ ‘ಮನೇಲಿ ನಾರ್ಮಲ್’

ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಬೆಳಗ್ಗೆ ನಡೆಯುವವರ ಮಾತಿನಲ್ಲಿ ಈ ವಾಕ್ಯ ಕಿವಿಗೆ ಬಿದ್ದೇ ಬೀಳುತ್ತದೆ: ‘ಡಾಕ್ಟ್ರ ಮುಂದೆ ಕೂತಾಗ ಮಾತ್ರ ನಂಗೆ ಬಿಪಿ ಏರೋದು. ಮನೇಲಿ ನಾರ್ಮಲ್.’ ಮನೆಯಲ್ಲಿ ಎಷ್ಟಿತ್ತು ಎಂದು ಕೇಳಿ ನೋಡಿ. ಉತ್ತರ ಇರುವುದಿಲ್ಲ, ಅಳೆದಿದ್ದರೆ ತಾನೆ! ನನಗೆ ಸಿಟ್ಟು ಬರುವುದು ಇಲ್ಲೇ.

ವೈದ್ಯರ ಎದುರು ರಕ್ತದೊತ್ತಡ ಏರುವುದು ಸುಳ್ಳಲ್ಲ. 1983ರಲ್ಲಿ ಇಟಲಿಯ ಜುಸೆಪ್ಪೆ ಮಾಂಚಿಯಾ ಮತ್ತು ಸಂಗಡಿಗರು ಒಳರೋಗಿಗಳ ರಕ್ತನಾಳದೊಳಗೇ ಒತ್ತಡ ಅಳೆಯುತ್ತಿದ್ದರು. ವೈದ್ಯರು ಹಾಸಿಗೆಯ ಬಳಿ ಬಂದ ಕೆಲವೇ ನಿಮಿಷಗಳಲ್ಲಿ ಮೇಲಿನ ಅಂಕಿ ಸರಾಸರಿ 27, ಕೆಳಗಿನದು 15 ಏರಿತ್ತು. ಆದರೆ ಅಲ್ಲಿಂದ ‘ನನಗೇನೂ ಇಲ್ಲ’ ಎಂಬಲ್ಲಿಗೆ ಹಾರುವುದು ಹೇಗೆ? 27 ಅಧ್ಯಯನಗಳ 60 ಸಾವಿರಕ್ಕೂ ಹೆಚ್ಚು ಜನರ ಮಾಹಿತಿಯನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯೊಂದು 2019ರಲ್ಲಿ ಬಂತು. ಆಸ್ಪತ್ರೆಯಲ್ಲಿ ಮಾತ್ರ ಬಿಪಿ ಹೆಚ್ಚಿದ್ದು, ಮಾತ್ರೆ ನುಂಗದೆ ಇದ್ದವರಲ್ಲಿ ಹೃದಯಾಘಾತ, ಪಾರ್ಶ್ವವಾಯುವಿನಂಥ ಅಪಾಯ, ಎರಡೂ ಕಡೆ ಸರಿಯಿದ್ದವರಿಗಿಂತ ಶೇ 36 ಹೆಚ್ಚಿತ್ತು.

ಇದಕ್ಕಿಂತ ಕೆಟ್ಟದ್ದು ಇದರ ತಿರುಗುಮುರುಗು: ಕ್ಲಿನಿಕ್‌ನಲ್ಲಿ ಸರಿ, ಮನೆಯಲ್ಲಿ ಹೆಚ್ಚು. ಸಿಗರೇಟು, ಕೆಲಸದ ಒತ್ತಡ, ಗೊರಕೆಯ ನಡುವೆ ಉಸಿರು ಕಟ್ಟುವ ನಿದ್ದೆ ಇವೆಲ್ಲ ಇದಕ್ಕೆ ಕಾರಣವಾಗಬಹುದು. ಇಂಥವರ ಹೃದಯಕ್ಕಿರುವ ಅಪಾಯ ಎಲ್ಲೆಡೆಯೂ ಬಿಪಿ ಇರುವವರ ಅಪಾಯಕ್ಕೇ ಹತ್ತಿರ, ಆದರೆ ಯಾರಿಗೂ ಅನುಮಾನವೇ ಬರುವುದಿಲ್ಲ. 15 ರಾಜ್ಯಗಳ 18,918 ಮಂದಿಯನ್ನು ಪರೀಕ್ಷಿಸಿದ ‘ಇಂಡಿಯಾ ಹಾರ್ಟ್ ಸ್ಟಡಿ’ಯಲ್ಲಿ ಈ ಎರಡು ಗುಂಪುಗಳಿಗೆ ಸೇರಿದವರು ಒಟ್ಟು ಶೇ 42. ಮೊದಲ ಭೇಟಿಯ ಒಂದೇ ಅಂಕಿಯನ್ನು ನಂಬಿದ್ದರೆ ಇವರೆಲ್ಲರ ಲೆಕ್ಕವೂ ತಪ್ಪುತ್ತಿತ್ತು.

ಬಿಪಿ ಅಳೆಯುವ ಮಿಷನ್ ಕೊಂಡವರ ಪಾಡೂ ಹೇಳುವಂತಿಲ್ಲ. ಸರಸ್ವತೀಪುರಂನ ಹಿರಿಯರೊಬ್ಬರು ಕಾಫಿ ಲೋಟ ಕೆಳಗಿಟ್ಟವರೇ ಅಂಗಿಯ ತೋಳಿನ ಮೇಲೆಯೇ ಪಟ್ಟಿ ಸುತ್ತಿಕೊಂಡು, ಮಗನಿಗೆ ಗ್ಯಾಸ್ ಬುಕ್ ಮಾಡಲು ಹೇಳುತ್ತಾ ಗುಂಡಿ ಒತ್ತಿದರು. 152. ‘ಮಿಷನ್ ಸರಿಯಿಲ್ಲ ಸಾರ್.’ ಮತ್ತೆ ಒತ್ತಿದರು, 146. ಮೂರನೆಯ ಸಲ 138 ಬಂದಾಗ ‘ನೋಡಿ, ಇದು ಸರಿ’ ಎಂದು ಅದೊಂದನ್ನೇ ಡೈರಿಯಲ್ಲಿ ಬರೆದರು. ಆ 138 ಕೂಡ ಹೆಚ್ಚೇ. ಕ್ಲಿನಿಕ್‌ನಲ್ಲಿ ಗಡಿ 140/90, ಮನೆಯಲ್ಲಿ 135/85.

ಸರಿಯಾಗಿ ಅಳೆಯಬೇಕೆಂದರೆ, ಅರ್ಧ ಗಂಟೆ ಮೊದಲಿನಿಂದ ಕಾಫಿ, ಸಿಗರೇಟು, ವಾಕಿಂಗ್ ಬೇಡ. ಮೂತ್ರಕ್ಕೆ ಹೋಗಿಬಂದು, ಬೆನ್ನಿಗೆ ಆಸರೆ ಕೊಟ್ಟು, ಪಾದ ನೆಲಕ್ಕೂರಿ 5 ನಿಮಿಷ ಮಾತಿಲ್ಲದೆ ಕೂರಬೇಕು. ಬರಿ ತೋಳಿಗೆ ಪಟ್ಟಿ ಸುತ್ತಿ, ಕೈಯನ್ನು ಎದೆಯ ಮಟ್ಟಕ್ಕೆ ಮೇಜಿನ ಮೇಲಿಡಬೇಕು. ತೊಡೆಯ ಮೇಲಿಟ್ಟರೂ ಅಂಕಿ ನಾಲ್ಕರಷ್ಟು ಏರುತ್ತದೆ. ಬೆಳಗ್ಗೆ ಮಾತ್ರೆಗೆ ಮೊದಲು ಎರಡು ಸಲ, ಸಂಜೆ ಎರಡು ಸಲ, ಹೀಗೆ 7 ದಿನ. ಮೊದಲ ದಿನದ್ದು ಬಿಟ್ಟು ಉಳಿದದ್ದರ ಸರಾಸರಿ ತೆಗೆಯಿರಿ. ಚೆನ್ನಾಗಿ ಕಂಡದ್ದನ್ನು ಆರಿಸಿ ಬರೆಯುವಂತಿಲ್ಲ, ಬಂದದ್ದನ್ನೆಲ್ಲ ಬರೆಯಬೇಕು.

ತಪ್ಪು ನಂಬಿಕೆಗಳಿಗೂ ಕೊರತೆಯಿಲ್ಲ. ಚಾಮುಂಡಿ ಬೆಟ್ಟದ ಮೆಟ್ಟಿಲು ಸಲೀಸಾಗಿ ಹತ್ತುವವರಿಗೂ ಬಿಪಿ ಇರಬಹುದು. ಸೈಂಧವ ಲವಣವೂ ಬಹುಪಾಲು ಸೋಡಿಯಂ ಕ್ಲೋರೈಡೇ. ನೂರಕ್ಕೆ ವಯಸ್ಸು ಕೂಡಿಸಿದರೆ ಬಂದದ್ದು ನಾರ್ಮಲ್ ಎಂಬ ಹಳೆಯ ಲೆಕ್ಕವನ್ನು ದಯವಿಟ್ಟು ಮರೆತುಬಿಡಿ. ವಾಟ್ಸ್ಯಾಪ್‌ನಲ್ಲಿ ಬಂದ ಕಷಾಯವನ್ನು ಮರುಮಾತಿಲ್ಲದೆ ಕುದಿಸುವ ಜನ, ತಮ್ಮದೇ ತೋಳಿನಿಂದ ಬಂದ ಅಂಕಿಯನ್ನು ಅನುಮಾನಿಸುತ್ತಾರೆ, ಅದೂ ಅಂಕಿ ಹಿಡಿಸದೆ ಇದ್ದಾಗ ಮಾತ್ರ.

ಬರೆದಿಟ್ಟ ಅಂಕಿಯ ಬೆಲೆ ಏನೆಂದು ಜಗತ್ತಿಗೆ ತೋರಿಸಿದ ಊರು ನಮ್ಮದು. ಇಲ್ಲಿನ ಹೋಲ್ಡ್ಸ್‌ವರ್ತ್ ಮಿಷನ್ ಆಸ್ಪತ್ರೆಯಲ್ಲಿ 1934ರಿಂದ ಕೂಸುಗಳ ತೂಕ ದಾಖಲಾಗಿತ್ತು. 1954ರವರೆಗೆ ಅಲ್ಲಿ ಹುಟ್ಟಿದ 517 ಮಂದಿಯನ್ನು ಪರೀಕ್ಷಿಸಿದ ಅಧ್ಯಯನ 1996ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಪ್ರಕಟವಾಯಿತು. ಹುಟ್ಟುವಾಗ ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಗಿದ್ದವರ ಪೈಕಿ ಶೇ 11 ಮಂದಿಗೆ ಹೃದಯದ ರಕ್ತನಾಳದ ಕಾಯಿಲೆ, 3.1 ಕಿಲೋ ಮೀರಿದ್ದವರಲ್ಲಿ ಶೇ 3. ದಾದಿಯರು ತಮಗೆ ಹಿಡಿಸಿದ ತೂಕವನ್ನಷ್ಟೇ ಬರೆದಿದ್ದರೆ ಈ ಸತ್ಯ ಸಿಗುತ್ತಿರಲಿಲ್ಲ.

ಈಗಾಗಲೇ ಮಾತ್ರೆ ತೆಗೆದುಕೊಳ್ಳುತ್ತಿರುವವರಿಗೆ ಒಂದು ಮಾತು. 2019ರ ಅದೇ ವಿಶ್ಲೇಷಣೆಯಲ್ಲಿ, ಮಾತ್ರೆಯಲ್ಲಿದ್ದು ಆಸ್ಪತ್ರೆಯಲ್ಲಷ್ಟೇ ಬಿಪಿ ಏರುವವರಿಗೆ ಹೆಚ್ಚಿನ ಅಪಾಯ ಕಂಡುಬರಲಿಲ್ಲ. ಏಳು ದಿನದ ಪಟ್ಟಿ ಕೈಯಲ್ಲಿಲ್ಲದೆ ಹೋದರೆ ವೈದ್ಯರು ಅಲ್ಲಿನ 150 ನೋಡಿ ಮಾತ್ರೆಯ ಪ್ರಮಾಣ ಹೆಚ್ಚಿಸಬಹುದು. ಆಗ ಮನೆಯಲ್ಲಿ ಒತ್ತಡ ತೀರಾ ಇಳಿದು, ವಯಸ್ಸಾದವರು ಬೆಳಗ್ಗೆ ಮಂಚದಿಂದ ಏಳುವಾಗ ತಲೆ ಸುತ್ತಿ ಬೀಳಬಹುದು.