ಕೊನೆಯ 35 ಮೀಟರ್‌ಗೆ ಗಂಜಿ ಸಾಲಲಿಲ್ಲವೇ?

ಒಲಿಂಪಿಕ್ಸ್‌ನಲ್ಲಿ ಮಹಿಳೆಯರ 400 ಮೀಟರ್ ಹರ್ಡಲ್ಸ್ ಮೊದಲ ಬಾರಿಗೆ ನಡೆದದ್ದು 1984ರಲ್ಲಿ, ಲಾಸ್ ಏಂಜಲೀಸ್‌ನಲ್ಲಿ. ಆಗಸ್ಟ್ 8ರ ಫೈನಲ್‌ನಲ್ಲಿ ರುಮೇನಿಯಾದ ಕ್ರಿಸ್ಟಿಯಾನಾ ಕೊಜೊಕಾರು 55.41 ಸೆಕೆಂಡಿಗೆ ಗೆರೆ ಮುಟ್ಟಿದರು, ಪಿ.ಟಿ. ಉಷಾ 55.42ಕ್ಕೆ. ಕಂಚು ಕೈತಪ್ಪಿದ ಈ ಕಥೆ ನಮಗೆಲ್ಲ ಬಾಯಿಪಾಠ. ಊಟದ ಮಾತು ಅದರೊಳಗೆ ದೊಡ್ಡದಾಗಿ ಸೇರಿಕೊಂಡದ್ದು ಮಾತ್ರ ತಡವಾಗಿ. ಕ್ರೀಡಾಗ್ರಾಮದ ಅಮೆರಿಕನ್ ಅಡುಗೆ ತಮಗೆ ಒಗ್ಗಲಿಲ್ಲ, ಗಂಜಿ ಮತ್ತು ಉಪ್ಪಿನಕಾಯಿಯಲ್ಲೇ ದಿನ ದೂಡಬೇಕಾಯಿತು, ಕೊನೆಯ 35 ಮೀಟರ್‌ನಲ್ಲಿ ಕಸುವು ಉಳಿಯಲಿಲ್ಲ ಎಂದು ಉಷಾ 2018ರ ಸಂದರ್ಶನವೊಂದರಲ್ಲಿ ಹೇಳಿಕೊಂಡರು.

ಗಂಜಿ ಉಂಡೇ ಗದ್ದೆಗಿಳಿಯುತ್ತಿದ್ದ ನಮ್ಮ ಕರಾವಳಿಯ ಹಿರಿಯರಿಗೆ ಈ ಮಾತು ಒಪ್ಪಿಗೆಯಾಗಲಿಕ್ಕಿಲ್ಲ. ಹಾಗಾಗಿ ಒಮ್ಮೆ ಲೆಕ್ಕ ಹಾಕಿ ನೋಡುವುದು ಒಳ್ಳೆಯದು.

ಒಂದು ಹಿಡಿ, ಅಂದರೆ 50 ಗ್ರಾಂ ಅಕ್ಕಿಯ ಒಂದು ಬಟ್ಟಲು ಗಂಜಿಯಲ್ಲಿ ಸುಮಾರು 40 ಗ್ರಾಂ ಕಾರ್ಬೊಹೈಡ್ರೇಟ್ ಇರುತ್ತದೆ, ಪ್ರೋಟೀನ್ 4 ಗ್ರಾಂ ದಾಟುವುದಿಲ್ಲ. ಕಠಿಣ ತಾಲೀಮಿನ ದಿನಗಳಲ್ಲಿ ಓಟಗಾರರಿಗೆ ದೇಹತೂಕದ ಪ್ರತಿ ಕಿಲೋಗೆ 6 ಗ್ರಾಂ ಕಾರ್ಬೊಹೈಡ್ರೇಟ್ ಆದರೂ ಬೇಕು. 55 ಕಿಲೋ ತೂಗುವವರಿಗೆ 330 ಗ್ರಾಂ ಆಯಿತು. ಬರೀ ಗಂಜಿಯಿಂದಲೇ ಇದನ್ನು ತುಂಬಿಸಬೇಕೆಂದರೆ ದಿನಕ್ಕೆ ಎಂಟು ಬಟ್ಟಲಿಗೂ ಹೆಚ್ಚು ಉಣ್ಣಬೇಕು. ಹೊಟ್ಟೆಯಲ್ಲಿ ನೀರೇ ತುಂಬಿಕೊಳ್ಳುತ್ತದೆ. ಅಷ್ಟು ಉಂಡರೂ ಪ್ರೋಟೀನ್ ಮೂವತ್ತರ ಆಸುಪಾಸಿನಲ್ಲೇ ನಿಲ್ಲುತ್ತದೆ. ಬೇಕಾದದ್ದು ಎಂಬತ್ತು ಗ್ರಾಂನಷ್ಟು. ಉಪ್ಪಿನಕಾಯಿಯ ಉಪ್ಪು ಬೆವರಿನಲ್ಲಿ ಹೋದ ಸೋಡಿಯಂ ಅನ್ನು ತಕ್ಕಮಟ್ಟಿಗೆ ತುಂಬಿಕೊಟ್ಟಿರಬಹುದು, ಅಷ್ಟೇ. ಅಂದರೆ ಗಂಜಿ ಕೆಟ್ಟ ಆಹಾರ ಅಲ್ಲ. ಅದರ ಪಕ್ಕದಲ್ಲಿ ಮೀನು, ಮೊಟ್ಟೆ, ಬೇಳೆ, ಹುರುಳಿ ಇರಬೇಕಿತ್ತು.

ಹಾಗಿದ್ದರೆ ಪದಕ ತಪ್ಪಿಸಿದ್ದು ಗಂಜಿಯೇ? ನನಗೆ ಅಷ್ಟು ಸುಲಭವಾಗಿ ಹೌದೆನ್ನಲು ಆಗುವುದಿಲ್ಲ. 55 ಸೆಕೆಂಡಿನ ಓಟ ಸ್ನಾಯುವಿನಲ್ಲಿ ಕೂಡಿಟ್ಟ ಗ್ಲೈಕೋಜನ್ ಅನ್ನು ಖಾಲಿ ಮಾಡುವುದಿಲ್ಲ. ಆ ಪಾಡು ಮ್ಯಾರಥಾನ್ ಓಡುವವರದು, ಅದೂ ಮೂವತ್ತು ಕಿಲೋಮೀಟರ್ ದಾಟಿದ ಮೇಲೆ. 400 ಮೀಟರ್‌ನಲ್ಲಿ ದಣಿವು ಬರುವ ದಾರಿಯೇ ಬೇರೆ. ಮೊದಲ ಕೆಲವು ಸೆಕೆಂಡುಗಳಲ್ಲಿ ಕ್ರಿಯಾಟಿನ್ ಫಾಸ್ಫೇಟ್ ಕರಗಿಬಿಡುತ್ತದೆ. ಆಮೇಲೆ ಆಮ್ಲಜನಕಕ್ಕೆ ಕಾಯದೆ ಸಕ್ಕರೆ ಉರಿಯತೊಡಗುತ್ತದೆ. ಅದರ ಜೊತೆಗೇ ಫಾಸ್ಫೇಟ್ ಮತ್ತು ಹೈಡ್ರೋಜನ್ ಅಯಾನುಗಳು ಶೇಖರವಾಗಿ, ಸ್ನಾಯುವಿನ ಎಳೆಗಳು ಒಂದನ್ನೊಂದು ಹಿಡಿದೆಳೆಯುವ ಬಿಗಿ ಸಡಿಲವಾಗುತ್ತದೆ. (ಜಿಮ್‌ಗಳಲ್ಲಿ ಎಲ್ಲ ನೋವಿಗೂ ಲ್ಯಾಕ್ಟಿಕ್ ಆಸಿಡ್ ಮೇಲೆ ದೂರು ಹೊರಿಸುತ್ತಾರೆ. ಪಾಪ, ಅದು ಗಂಟೆಯೊಳಗೆ ರಕ್ತದಿಂದ ಖಾಲಿಯಾಗಿರುತ್ತದೆ, ಹೃದಯ ಅದನ್ನೇ ಇಂಧನವಾಗಿ ಬಳಸುತ್ತದೆ.) ಹತ್ತನೇ ಹರ್ಡಲ್‌ನಿಂದ ಗೆರೆಗೆ 40 ಮೀಟರ್. ಅಲ್ಲಿ ವೇಗ ಹೆಚ್ಚಿಸುವವರು ಯಾರೂ ಇಲ್ಲ, ಎಲ್ಲರದೂ ಕುಸಿಯುತ್ತಿರುತ್ತದೆ. ಕಡಿಮೆ ಕುಸಿದವರು ಗೆಲ್ಲುತ್ತಾರೆ.

ಅರೆಹೊಟ್ಟೆ ತನ್ನ ಬಾಕಿ ವಸೂಲಿ ಮಾಡುವುದು ಇಲ್ಲೇ ಇರಬೇಕು. ಹೀಟ್ಸ್ ಓಡಿ, ಸೆಮಿಫೈನಲ್‌ನಲ್ಲಿ 55.54ರ ಕಾಮನ್‌ವೆಲ್ತ್ ದಾಖಲೆ ಬರೆದ ಕಾಲುಗಳವು. ಹಾಗೆ ದುಡಿದ ಸ್ನಾಯು ಮತ್ತೆ ತುಂಬಿಕೊಳ್ಳಲು ಹೊಟ್ಟೆ ತುಂಬ ಉಂಡರೂ ಒಂದು ಹಗಲು ಒಂದು ರಾತ್ರಿ ಬೇಕು. ಆದರೆ 0.01 ಸೆಕೆಂಡ್ ಎಂದರೆ ಆ ವೇಗದಲ್ಲಿ ಏಳು ಸೆಂಟಿಮೀಟರ್. ಗೆರೆಯ ಬಳಿ ಎದೆ ಮುಂದೆ ಬಾಗಿಸಲಿಲ್ಲ ಅಂತಲೂ ಹೇಳಬಹುದು, ಊಟ ಸಾಲಲಿಲ್ಲ ಅಂತಲೂ ಹೇಳಬಹುದು. ಏಳು ಸೆಂಟಿಮೀಟರ್‌ಗೆ ಯಾವ ಕಾರಣವೂ ಸಾಕು.

ಕ್ರೀಡಾಗ್ರಾಮದಲ್ಲಿ ಊಟಕ್ಕೇನೂ ಕೊರತೆ ಇರಲಿಲ್ಲವಲ್ಲ, ಮೂಗು ಮುಚ್ಚಿಕೊಂಡಾದರೂ ತಿನ್ನಬೇಕಿತ್ತು ಎನ್ನುವವರಿದ್ದಾರೆ. ಒಗ್ಗದ ಊಟ ಗಂಟಲಲ್ಲಿ ಇಳಿಯದಿದ್ದರೆ ಅದರ ಪೋಷಕಾಂಶ ತಟ್ಟೆಯಲ್ಲೇ ಉಳಿಯುತ್ತದೆ. ದಣಿವಿಗೂ ಬಾಯಿಗೂ ಇರುವ ನಂಟು ನಾವು ಅಂದುಕೊಂಡದ್ದಕ್ಕಿಂತ ಗಾಢ. 2004ರಲ್ಲಿ ಬ್ರಿಟನ್ನಿನ ಸಂಶೋಧಕರು ಸೈಕಲ್ ಸವಾರರಿಗೆ ರುಚಿಯೇ ಇಲ್ಲದ ಕಾರ್ಬೊಹೈಡ್ರೇಟ್ ದ್ರಾವಣ ಕೊಟ್ಟು, ಬಾಯಿ ಮುಕ್ಕಳಿಸಿ ಉಗುಳಲು ಹೇಳಿದರು. ಒಂದು ತೊಟ್ಟೂ ಹೊಟ್ಟೆಗಿಳಿಯಲಿಲ್ಲ. ಆದರೂ ಒಂದು ಗಂಟೆಯ ಸವಾರಿಯಲ್ಲಿ ಅವರು ಸುಮಾರು ಶೇ 3ರಷ್ಟು ಸುಧಾರಿಸಿದರು. ಆಹಾರ ಬರುತ್ತಿದೆ ಎಂಬ ಸುದ್ದಿ ನಾಲಿಗೆಯಿಂದ ಮಿದುಳಿಗೆ ಮುಟ್ಟಿದ್ದೇ ಸಾಕಾಗಿತ್ತು ಎಂಬುದು ಇದಕ್ಕೆ ಕೊಡುವ ವಿವರಣೆ.

ನಲವತ್ತು ವರ್ಷದ ಮೇಲೆ, 2024ರ ಆಗಸ್ಟ್ 7ರ ಬೆಳಿಗ್ಗೆ ಪ್ಯಾರಿಸ್‌ನಲ್ಲಿ ಕುಸ್ತಿಪಟು ವಿನೇಶ್ ಫೋಗಟ್ ಫೈನಲ್‌ಗೆ ಮೊದಲು ತಮ್ಮ ವಿಭಾಗದ ಮಿತಿಯಾದ 50 ಕಿಲೋಗಿಂತ 100 ಗ್ರಾಂ ಹೆಚ್ಚು ತೂಗಿ ಅನರ್ಹರಾದರು. ಭಾರತೀಯ ಒಲಿಂಪಿಕ್ ಸಂಸ್ಥೆಯ ಅಧ್ಯಕ್ಷೆಯಾಗಿ ಅಲ್ಲಿದ್ದವರು ಇದೇ ಉಷಾ. ಈ ಸಲ ಅಡುಗೆಯ ದೂರಿರಲಿಲ್ಲ. ಪೋಷಣೆ ತಜ್ಞರೂ ವೈದ್ಯರೂ ಜೊತೆಗಿದ್ದರು. ಆದರೆ ಸ್ನಾಯು ಒಂದು ಗ್ರಾಂ ಗ್ಲೈಕೋಜನ್ ಕೂಡಿಟ್ಟರೆ ಅದರೊಂದಿಗೆ ಸುಮಾರು ಮೂರು ಗ್ರಾಂ ನೀರನ್ನೂ ಹಿಡಿದಿಡುತ್ತದೆ. ಒಂದೇ ದಿನ ಮೂರು ಕುಸ್ತಿ ಗೆದ್ದು ಬಸವಳಿದ ದೇಹಕ್ಕೆ ಅನ್ನ, ನೀರು ಕೊಟ್ಟರೆ ತಕ್ಕಡಿ ಮೇಲೇರುತ್ತದೆ; ಕೊಡದಿದ್ದರೆ ಮರುದಿನದ ಫೈನಲ್‌ಗೆ ಶಕ್ತಿ ಇರುವುದಿಲ್ಲ. ರಾತ್ರಿಯಿಡೀ ಬೆವರಿಳಿಸಿ, ಕೂದಲು ಕತ್ತರಿಸಿದರೂ ಆ ನೂರು ಗ್ರಾಂ ಕರಗಲಿಲ್ಲ. ಒಂದು ವೇಳೆ ಕರಗಿದ್ದರೂ ಸಂಜೆಯ ಕುಸ್ತಿಯೊಳಗೆ ಸ್ನಾಯು ಪೂರ್ತಿ ತುಂಬಿಕೊಳ್ಳುವಷ್ಟು ಹೊತ್ತು ಅವರಿಗೆ ಸಿಗುತ್ತಿರಲಿಲ್ಲ.