ಮನೆ ಕೊಳ್ಳುವವರೇ, ಅಕ್ಕ-ತಂಗೇರ ಸಹಿ ಆಯ್ತೇ?

ಖಟಕ ಚಿಂಚೋಳಿ: ಸೋಯಾ ರಾಶಿ ಮುಗಿದು, ತೊಗರಿ ದುಡ್ಡು ಕೈಗೆ ಬರುವ ಹೊತ್ತಿಗೆ ಇಲ್ಲಿನ ಚಹದಂಗಡಿಗಳಲ್ಲಿ ಮಾತಿನ ದಿಕ್ಕೇ ಬದಲಾಗುತ್ತದೆ. ಮಳೆ-ಬೆಳೆ, ಕಾರ್ಖಾನೆಯ ಕಬ್ಬಿನ ಬಿಲ್ಲು ಎಲ್ಲ ಹಿಂದೆ ಸರಿದು ‘ಪ್ಲಾಟು’ ಮುಂದೆ ಬಂದು ಕೂಡುತ್ತದೆ. ಯಾರ ಪ್ಲಾಟು ಎಷ್ಟಕ್ಕೆ ಹೋಯ್ತು, ಯಾರ ಹಳೇ ವಾಡೆ ಮಾರಾಟಕ್ಕದ, ಪುಣೆಗೆ ಹೋದವರು ಮನಿ ಕೊಡ್ತಾರೋ ಇಲ್ಲೋ, ಇದೇ ಸುದ್ದಿ. ಭಾಲ್ಕಿ ಬಸ್ಸು ತಡವಾದಷ್ಟೂ ಪ್ಲಾಟಿನ ದರ ಏರುತ್ತ ಹೋಗುತ್ತದೆ! ಬಸ್ಸು ಬಂದು ಜನ ಹತ್ತಿದ ಮೇಲೆ ದರ ಮತ್ತೆ ಇಳಿಯುತ್ತದೆ. ಮಾತಿನ ದರವೇ ಬೇರೆ, ರಜಿಸ್ಟ್ರಿ ದರವೇ ಬೇರೆ.

ಭಾಲ್ಕಿ ತಾಲೂಕಿನ ಈ ಹೋಬಳಿ ಊರಿನಲ್ಲಿ ಮಾರಾಟಕ್ಕೆ ಬರುವುದು ಮುಖ್ಯವಾಗಿ ಎರಡು ತರಹದ ಆಸ್ತಿ. ಒಂದು, ಗಾಂವಠಾಣದೊಳಗಿನ ಹಳೇ ಮನೆ. ಕಲ್ಲಿನ ದಪ್ಪ ಗೋಡೆ, ಮಣ್ಣಿನ ಮಾಳಿಗೆ, ಸಾಗವಾನಿ ತೊಲೆ, ಬಾಗಿಲಿಗೆ ಬೀಗ. ಮನೆಯವರು ಹೈದರಾಬಾದಿನಲ್ಲೋ ಪುಣೆಯಲ್ಲೋ ಇರುತ್ತಾರೆ, ಜಾತ್ರೆಗೆ, ಮದುವೆಗೆ ಬಂದು ಹೋಗುತ್ತಾರೆ. ಇನ್ನೊಂದು, ಊರ ಹೊರಗೆ ಹೊಲ ಒಡೆದು ಕಲ್ಲು ನೆಟ್ಟ ‘ಎನ್.ಎ. ಪ್ಲಾಟು’. ಎರಡರಲ್ಲೂ ಲಾಭ ಉಂಟು, ಎರಡರಲ್ಲೂ ಗುಂಡಿ ಉಂಟು. ಗುಂಡಿ ಎಲ್ಲಿದೆ ಅಂತ ತಿಳಿಯದೆ ಜೀವಮಾನದ ಗಳಿಕೆ ಸುರಿಯುವವರೇ ಹೆಚ್ಚು.

ಒಬ್ಬ ಕಿರಾಣಿ ಅಂಗಡಿಯವನನ್ನು ಎಣಿಸಿಕೊಳ್ಳಿ. ಇಪ್ಪತ್ತು ವರ್ಷ ತಕ್ಕಡಿ ಹಿಡಿದು 8 ಲಕ್ಷ ಕೂಡಿಸಿದ್ದಾನೆ. ಓಣಿಯ ಹಳೇ ಮನೆಯೊಂದು ಮಾರಾಟಕ್ಕೆ ಬಂತು. ಮಾರುವವನು ತೀರಿಹೋದ ಯಜಮಾನನ ಒಬ್ಬನೇ ಮಗ. ಪಂಚಾಯ್ತಿ ಖಾತೆಯೂ ಅವನದೇ ಹೆಸರಿಗಿದೆ. ದಲ್ಲಾಳಿ ಹೇಳುತ್ತಾನೆ: “ಯಾನ್ ಚಿಂತಿ ಮಾಡಬ್ಯಾಡ್ರಿ ಸಾವ್ಕಾರ, ಪೇಪರ್ ಎಲ್ಲ ಕ್ಲಿಯರ್ ಅದಾವ.” ರಜಿಸ್ಟ್ರಿ ಆಯಿತು, ಖರ್ಚು ಉಳಿಸಲೆಂದು ಪತ್ರದಲ್ಲಿ 3 ಲಕ್ಷ ಬರೆಸಿದ್ದಾಯಿತು. ವರ್ಷ ತಿರುಗುವಷ್ಟರಲ್ಲಿ ಉದಗೀರಕ್ಕೆ ಮದುವೆಯಾಗಿ ಹೋದ ಅಕ್ಕನಿಂದ ಕೋರ್ಟಿನ ನೋಟೀಸು: “ತಂದೆಯ ಮನೆಯಲ್ಲಿ ನನ್ನದೂ ಅರ್ಧ ಪಾಲಿದೆ.”

ಇಲ್ಲಿ ಅಕ್ಕನ ತಪ್ಪು ಏನೂ ಇಲ್ಲ. ಅವಳ ಪಾಲು ಅವಳು ಕೇಳುತ್ತಾಳೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದಂದಿನಿಂದಲೇ, ಉಯಿಲು ಬರೆಯದೆ ತೀರಿದ ತಂದೆಯ ಸ್ವಂತ ಗಳಿಕೆಯಲ್ಲಿ ಹೆಂಡತಿ, ಮಗ, ಮಗಳು, ಬದುಕಿದ್ದರೆ ತಾಯಿ, ಎಲ್ಲರಿಗೂ ಸಮಪಾಲು. ಪಿತ್ರಾರ್ಜಿತ ಆಸ್ತಿಯ ವಿಷಯದಲ್ಲಿ ಕರ್ನಾಟಕ ಸರ್ಕಾರ 1994ರಲ್ಲಿ ಒಂದು ತಿದ್ದುಪಡಿ ತಂದಿತು. ಆಮೇಲೆ 2005ರ ಸೆಪ್ಟೆಂಬರ್ 9ರಿಂದ ಇಡೀ ದೇಶಕ್ಕೇ ಮಗಳು ಮಗನಷ್ಟೇ ಹಕ್ಕುದಾರಳು ಎಂದಾಯಿತು. ಆ ದಿನ ತಂದೆ ಬದುಕಿರಬೇಕಿತ್ತೋ ಬೇಡವೋ ಎಂಬ ತಕರಾರಿಗೂ 2020ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟು ಉತ್ತರ ಕೊಟ್ಟಿದೆ: ಬದುಕಿರಬೇಕಾಗಿಲ್ಲ, ಮಗಳ ಹಕ್ಕು ಹುಟ್ಟಿನಿಂದಲೇ ಬಂದದ್ದು. 2004ರ ಡಿಸೆಂಬರ್ 20ಕ್ಕೆ ಮೊದಲೇ ಆಗಿಹೋದ ಮಾರಾಟ, ರಜಿಸ್ಟರ್ ಆದ ವಾಟ್ನಿ ಇವುಗಳನ್ನು ಮಾತ್ರ ಆ ಕಾನೂನು ಮುಟ್ಟುವುದಿಲ್ಲ. ಇನ್ನು ಮುಸ್ಲಿಂ ಮನೆತನಗಳಲ್ಲಿ ಹೆಣ್ಣುಮಕ್ಕಳಿಗೂ ವಿಧವೆಗೂ ಪಾಲು ಇರುವುದು ಇಂದು ನಿನ್ನೆಯ ಮಾತಲ್ಲ. ಲೆಕ್ಕ ಬೇರೆ ಇರಬಹುದು, ಸಹಿ ಮಾತ್ರ ಬೇಕೇ ಬೇಕು.

“ಆಕೀಗೆ ಮದುವ್ಯಾಗ ಬಂಗಾರ ಹಾಕೀವಿ, ಪಾಲು ಮುಗೀತು” ಅನ್ನುವ ಮಾತು ಓಣಿಯಲ್ಲಿ ನಡೆಯುತ್ತದೆ, ಕೋರ್ಟಿನಲ್ಲಿ ನಡೆಯುವುದಿಲ್ಲ. ಅಕ್ಕ-ತಂಗಿಯರು ಹಕ್ಕು ಬಿಟ್ಟಿದ್ದರೆ ಹಕ್ಕುಬಿಡುಗಡೆ ಪತ್ರ ರಜಿಸ್ಟರ್ ಆಗಿರಬೇಕು. ಇಲ್ಲವಾದರೆ ಮಾರಾಟ ಪತ್ರಕ್ಕೇ ಅವರು ಬಂದು ಸಹಿ ಹಾಕಬೇಕು. ನಾಡಕಚೇರಿಯ ವಂಶಾವಳಿ ಕೇಳುವುದು ಒಳ್ಳೆಯದೇ. ಆದರೆ ವಂಶಾವಳಿಯಲ್ಲಿ ಮಗಳ ಹೆಸರು ‘ಮರೆತು’ಹೋಗುವುದೂ ಉಂಟು! ಆದ್ದರಿಂದ ಕಾಗದ ನೋಡಿದ ಮೇಲೆ ಪಕ್ಕದ ಮನೆಯ ಮುದುಕಿಯನ್ನು ಒಂದು ಮಾತು ಕೇಳಬೇಕು: “ಅವ್ವಾ, ಇವರ ಮನ್ಯಾಗ ಹೆಣ್ಣಮಕ್ಳು ಎಷ್ಟ ಮಂದಿ?” ಆ ಮುದುಕಿ ಕೊಡುವ ಲೆಕ್ಕ ಯಾವ ಕಂಪ್ಯೂಟರಿನಲ್ಲೂ ಸಿಗದು.

ನಮ್ಮ ಕಿರಾಣಿಯವನ ಕಥೆ ಅಲ್ಲಿಗೇ ಮುಗಿಯಲಿಲ್ಲ. ಅಕ್ಕ ಗೆದ್ದರೆ ಅವನಿಗೆ ದಕ್ಕುವುದು ತಮ್ಮನ ಅರ್ಧ ಪಾಲು ಮಾತ್ರ. ಉಳಿದ ದುಡ್ಡು ತಿರುಗಿ ಕೇಳೋಣವೆಂದರೆ ಪತ್ರದಲ್ಲಿರುವುದು 3 ಲಕ್ಷ. ಕೈಯಲ್ಲಿ ಕೊಟ್ಟ 5 ಲಕ್ಷಕ್ಕೆ ಸಾಕ್ಷಿ ಎಲ್ಲಿದೆ? ದಲ್ಲಾಳಿ ಅಂತೂ ಎರಡೂ ಕಡೆಯ ಕಮೀಷನ್ ತೆಗೆದುಕೊಂಡು ಮುಂದಿನ ಗಿರಾಕಿ ಹಿಂದೆ ಹೋಗಿರುತ್ತಾನೆ.

ಹಾಗಾದರೆ ಅವನು ಉಳಿಸಿದ್ದೆಷ್ಟು? ಲೆಕ್ಕ ಹಾಕಿ ನೋಡಿ. ಗ್ರಾಮಾಂತರದಲ್ಲಿ ಮುದ್ರಾಂಕ ಶುಲ್ಕ ನೂರಕ್ಕೆ 5. ಅದರ ಮೇಲಿನ ಸೆಸ್ಸು, ಸರ್ಚಾರ್ಜು ಸೇರಿ 5 ರೂಪಾಯಿ 65 ಪೈಸೆ. ನೋಂದಣಿ ಶುಲ್ಕ ಮೊದಲು ನೂರಕ್ಕೆ 1 ಇದ್ದದ್ದು 2025ರ ಆಗಸ್ಟ್ 31ರಿಂದ 2 ಆಗಿದೆ. ಎಲ್ಲ ಕೂಡಿದರೆ ನೂರಕ್ಕೆ 7 ರೂಪಾಯಿ 65 ಪೈಸೆ. 10 ಲಕ್ಷದ ಖರೀದಿಗೆ 76,500 ರೂಪಾಯಿ ಸರ್ಕಾರಕ್ಕೆ ಕಟ್ಟಬೇಕು. ಕಡಿಮೆ ದುಡ್ಡಲ್ಲ, ನಿಜ. ಆದರೆ 5 ಲಕ್ಷ ಮುಚ್ಚಿಟ್ಟು ಕಿರಾಣಿಯವನು ಉಳಿಸಿದ್ದು 38,250 ರೂಪಾಯಿ. ಅಷ್ಟಕ್ಕೆ 5 ಲಕ್ಷವನ್ನು ಗಾಳಿಗಿಟ್ಟ! ತಕ್ಕಡಿ ಹಿಡಿದವನಿಗೆ ಈ ತೂಕ ತಿಳಿಯದೇ ಹೋಯಿತೇ?

ಅದೂ ಅಲ್ಲದೆ ಪತ್ರದಲ್ಲಿ ಎಷ್ಟು ಬೇಕಾದರೂ ಇಳಿಸಿ ಬರೆಯಲು ಆಗುವುದಿಲ್ಲ. ಸರ್ಕಾರದ ಮಾರ್ಗಸೂಚಿ ಬೆಲೆ ಅಂತ ಒಂದಿದೆ, ಅದಕ್ಕಿಂತ ಕೆಳಗೆ ಬರೆದರೂ ಶುಲ್ಕ ಆ ಬೆಲೆಗೇ ಕಟ್ಟಬೇಕು. ಬಯಾನಾ ಕೊಡುವಾಗಲೂ ಅಷ್ಟೇ. ಮನೆ-ಜಾಗದ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದು ತೆಗೆದುಕೊಳ್ಳುವಂತಿಲ್ಲ ಅಂತ 2015ರ ಜೂನ್‌ನಿಂದ ಆದಾಯ ತೆರಿಗೆ ಕಾನೂನು ಹೇಳುತ್ತದೆ. ತೆಗೆದುಕೊಂಡವನಿಗೆ, ಅಂದರೆ ಮಾರುವವನಿಗೆ, ಅಷ್ಟೇ ಮೊತ್ತದ ದಂಡ ಬೀಳಬಹುದು. ಈ ಸಂಗತಿ ನಮ್ಮ ಕಡೆ ಮಾರುವವರಿಗೆ ತಿಳಿದೇ ಇಲ್ಲ. ಚೆಕ್ಕು, ಡಿ.ಡಿ., ಬ್ಯಾಂಕಿನಿಂದ ಬ್ಯಾಂಕಿಗೆ, ಯಾವುದಾದರೂ ಸರಿ. ಕೊಟ್ಟವನಿಗೆ ಸಾಕ್ಷಿ, ತಗೊಂಡವನಿಗೆ ನಿದ್ದೆ.

ಇನ್ನು ಊರ ಹೊರಗಿನ ಪ್ಲಾಟಿನ ವಿಚಾರ. ಹೊಲದಲ್ಲಿ ನಾಲ್ಕು ಕಲ್ಲು ನೆಟ್ಟು, ಟ್ರ್ಯಾಕ್ಟರಿನಿಂದ ರಸ್ತೆ ಎಳೆದು, ‘ಎನ್.ಎ.’ ಅಂತ ಬೋರ್ಡು ಹಚ್ಚಿದರೆ ಅದು ಎನ್.ಎ. ಆಗುವುದಿಲ್ಲ. 1964ರ ಭೂಕಂದಾಯ ಕಾಯ್ದೆಯ 95ನೇ ಕಲಮಿನ ಪ್ರಕಾರ ಜಿಲ್ಲಾಧಿಕಾರಿಗಳ ಭೂಪರಿವರ್ತನೆ ಆದೇಶ ಬೇಕು. ಆದೇಶದ ನಂಬರು, ಸರ್ವೆ ನಂಬರು, ಎಷ್ಟು ಗುಂಟೆಗೆ ಆಯ್ತು, ಇಷ್ಟು ನೋಡಬೇಕು. ಎರಡು ಎಕರೆಗೆ ಆದೇಶ ತಂದು ನಾಲ್ಕು ಎಕರೆ ಮಾರುವ ಚತುರರೂ ಜಗತ್ತಿನಲ್ಲಿದ್ದಾರೆ. ಆಮೇಲೆ ಬಡಾವಣೆ ನಕ್ಷೆಗೆ ಮಂಜೂರಾತಿ ಇದೆಯೇ, ರಸ್ತೆ ಎಂದು ಬಿಟ್ಟ ಜಾಗ ನಿಜವಾಗಿ ರಸ್ತೆಯೇ ಅಥವಾ ಮುಂದಿನ ವರ್ಷ ಅದೂ ಪ್ಲಾಟಾಗಿ ಮಾರಾಟವಾಗುತ್ತದೆಯೇ?

ಪಂಚಾಯ್ತಿಯ ಕಾಗದದಲ್ಲೂ ಭೇದವಿದೆ. ‘ಇ-ಸ್ವತ್ತು’ ಬಂದದ್ದು 2013ರಲ್ಲಿ. ನಮೂನೆ 9 ಮತ್ತು 11‘ಎ’ ಜೋಡಿ ಇದ್ದರೆ ಗಾಂವಠಾಣದ ಸ್ವತ್ತೋ, ಪರಿವರ್ತನೆಯಾಗಿ ಮಂಜೂರಾದ ಸ್ವತ್ತೋ ಎಂದರ್ಥ. ಬರೇ 11‘ಬಿ’ ಇದ್ದರೆ ಹುಷಾರು. ಅನಧಿಕೃತ ಸ್ವತ್ತುಗಳಿಗೂ ತೆರಿಗೆ ಕಟ್ಟಿಸಿಕೊಂಡು 11‘ಬಿ’ ಕೊಡುವ ದಾರಿಯನ್ನು 2025ರಲ್ಲಿ ಪಂಚಾಯತ್ ರಾಜ್ ಕಾಯ್ದೆ ತಿದ್ದಿ ತೆರೆದರು. ಬಡವರಿಗೆ ಅದರಿಂದ ಅನುಕೂಲ ಆದದ್ದು ಖರೆ. ಆದರೆ ತೆರಿಗೆ ಕಟ್ಟಿದ ಮಾತ್ರಕ್ಕೆ ಅನಧಿಕೃತ ಜಾಗ ಸಕ್ರಮವಾಗುವುದಿಲ್ಲ. ಬ್ಯಾಂಕಿನವರು ಸಾಲ ಕೊಡುವಾಗ ಮೊದಲು ಕೇಳುವುದೇ ಇದನ್ನು. ದರದಲ್ಲೂ ಈ ಭೇದ ಕಾಣಬೇಕು. 11‘ಬಿ’ ಪ್ಲಾಟಿಗೆ 9ರ ದರ ಕೊಟ್ಟವನು ಮಾರುವ ದಿನ ಅಳಬೇಕಾಗುತ್ತದೆ. ಒಂದು ಮಾತು ನೆನಪಿರಲಿ: ಖಾತೆ ಎನ್ನುವುದು ತೆರಿಗೆಯ ಲೆಕ್ಕ, ಅದು ಮಾಲೀಕತ್ವದ ಪತ್ರವಲ್ಲ.

ಬಾಂಡ್ ಪೇಪರಿನ ಮೇಲೆ ಬರೆದು, ನೋಟರಿ ಮೊಹರು ಹೊಡೆಸಿ ‘ಖರೀದಿ’ ಎನ್ನುವ ಚಾಳಿ ನಮ್ಮಲ್ಲಿ ಇನ್ನೂ ಹೋಗಿಲ್ಲ. 1908ರ ನೋಂದಣಿ ಕಾಯ್ದೆ ಪ್ರಕಾರ 100 ರೂಪಾಯಿಗೆ ಮೇಲ್ಪಟ್ಟ ಸ್ಥಿರಾಸ್ತಿ ಮಾರಾಟ ರಜಿಸ್ಟರ್ ಆಗಲೇಬೇಕು. ದೂರದೂರಿನಲ್ಲಿರುವ ಮಾಲೀಕ ಮುಖತ್ಯಾರ ಪತ್ರ ಕೊಟ್ಟಿದ್ದಾನೆ ಎಂದರೆ, ಮೊದಲು ಆ ಮಾಲೀಕ ಬದುಕಿದ್ದಾನೋ ಇಲ್ಲವೋ ಫೋನು ಮಾಡಿ ಕೇಳಿ. ಕೊಟ್ಟವನು ಸತ್ತರೆ ಮುಖತ್ಯಾರಿಕೆಯೂ ಸಾಮಾನ್ಯವಾಗಿ ಅವನ ಜೊತೆಗೇ ಹೋಗುತ್ತದೆ. ಬರೇ ಮುಖತ್ಯಾರ ಪತ್ರವೇ ಮಾರಾಟ ಪತ್ರ ಆಗದು ಅಂತ 2011ರಲ್ಲೇ ಸುಪ್ರೀಂ ಕೋರ್ಟು ಹೇಳಿಯಾಗಿದೆ.

ಋಣಭಾರ ಪತ್ರ (ಇ.ಸಿ.) ತೆಗೆಸುವುದನ್ನು ಕೆಲವರು ಬ್ಯಾಂಕ್ ಸಾಲಕ್ಕೆ ಮಾತ್ರ ಅಂದುಕೊಂಡಿದ್ದಾರೆ. ಸಾಲ ಬೇಡವಾದರೂ ತೆಗೆಸಿ. ‘ಕಾವೇರಿ’ ಜಾಲತಾಣದಲ್ಲಿ 2004ರಿಂದ ಈಚಿನದು ಮನೆಯಲ್ಲೇ ಸಿಗುತ್ತದೆ, ಅದಕ್ಕೂ ಹಿಂದಿನದು ಕಚೇರಿಯಲ್ಲಿ. ಮೂವತ್ತು ವರ್ಷದ್ದು ನೋಡಿದರೆ ನೆಮ್ಮದಿ. ಅರ್ಜಿ ತುಂಬುವಾಗ ಒಂದು ತಮಾಷೆಯ ಎಚ್ಚರಿಕೆ: ‘ಚಿಂಚೋಳಿ’ ಅಂತ ಒತ್ತಿದರೆ ಕಲಬುರಗಿ ಜಿಲ್ಲೆಯ ಚಿಂಚೋಳಿ ತಾಲೂಕು ತೆರೆದುಕೊಂಡೀತು! ನಮ್ಮದು ಬೀದರ ಜಿಲ್ಲೆ, ಭಾಲ್ಕಿ ತಾಲೂಕು, ಖಟಕ ಚಿಂಚೋಳಿ. 2024ರ ಸೆಪ್ಟೆಂಬರ್‌ನಿಂದ ಜಿಲ್ಲೆಯೊಳಗಿನ ಯಾವ ಉಪನೋಂದಣಿ ಕಚೇರಿಯಲ್ಲಾದರೂ ರಜಿಸ್ಟ್ರಿ ಮಾಡಿಸಬಹುದು. ಭಾಲ್ಕಿಯಲ್ಲಿ ಸರದಿ ಸಿಗದಿದ್ದರೆ ಬೀದರಕ್ಕೋ ಹುಮನಾಬಾದಕ್ಕೋ ಹೋಗಬಹುದು.

ಹಳೇ ಮನೆಗಳಿಗೆ ಕೆಲವೊಮ್ಮೆ ಅಜ್ಜನ ಪೆಟ್ಟಿಗೆಯಿಂದ ಉರ್ದು ಕಾಗದ ಹೊರಬರುತ್ತದೆ. 1948ರವರೆಗೆ ಇದು ನಿಜಾಮರ ಸೀಮೆ, 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯ. ಆ ಕಾಗದವನ್ನು ಬಿಸಾಡಬೇಡಿ, ಓದಬಲ್ಲವರಿಂದ ಓದಿಸಿ. ಅದರಲ್ಲಿನ ಇಸವಿ ಫಸಲಿ ಇದ್ದರೆ 590 ಕೂಡಿಸಿಕೊಳ್ಳಿ. ಫಸಲಿ 1350 ಎಂದರೆ 1940ರ ಆಸುಪಾಸು. ಇನಾಮು, ದೇವಸ್ಥಾನ, ವಕ್ಫ್ ಎಂಬ ಮಾತು ಅದರಲ್ಲಿ ಕಂಡರೆ ವಕೀಲರನ್ನು ಕಾಣುವವರೆಗೆ ಒಂದು ಪೈಸೆಯೂ ಕೊಡಬೇಡಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಕೊಟ್ಟ ಜಮೀನಾದರೆ ಸಂಗತಿ ಇನ್ನೂ ಗಂಭೀರ. 1978ರ ಕಾಯ್ದೆ ಪ್ರಕಾರ ಸರ್ಕಾರದ ಅನುಮತಿ ಇಲ್ಲದ ಮಾರಾಟ ರದ್ದಾಗುತ್ತದೆ. ಬಹಳ ವರ್ಷವಾಯ್ತು, ಇನ್ನು ಯಾರೂ ಕೇಳಲಿಕ್ಕಿಲ್ಲ ಎಂಬ ಆಸೆಗೂ 2023ರ ತಿದ್ದುಪಡಿ ತೆರೆ ಎಳೆಯಿತು.

ಕಾಗದದ ಮಾತಾಯಿತು, ನೆಲದ ಮಾತು? ಬೀದರ ಶಹರ ನಿಂತದ್ದು ಕೆಂಪು ಜಂಬಿಟ್ಟಿಗೆ ಕಲ್ಲಿನ ಮೇಲೆ. ಭಾಲ್ಕಿ ತಾಲೂಕಿನಲ್ಲಿ ಹೆಚ್ಚಾಗಿ ಕರಿ ಎರೆ. ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕಾಲು ಇಳಿಯುವಷ್ಟು ಬಿರಿಯುತ್ತದೆ. ಪ್ಲಾಟು ತೋರಿಸುವವರು ಬೇಸಿಗೆಯಲ್ಲೇ ತೋರಿಸುತ್ತಾರೆ. ಕೊಳ್ಳುವವರು ಶ್ರಾವಣದಲ್ಲೊಮ್ಮೆ ಚಪ್ಪಲಿ ಕೈಲಿ ಹಿಡಿದು ಹೋಗಿ ನೋಡಬೇಕು. ನೀರು ಎಲ್ಲಿ ನಿಲ್ಲುತ್ತದೆ, ಹಳ್ಳ ಎತ್ತ ಹರಿಯುತ್ತದೆ, ತಾನಾಗಿಯೇ ತಿಳಿಯುತ್ತದೆ. ಎರೆಯ ಮೇಲೆ ಮನೆ ಕಟ್ಟುವುದಾದರೆ ಗಟ್ಟಿ ಮುರುಮು ಸಿಗುವವರೆಗೆ ಅಗೆಯಬೇಕು, ಅಡಿಪಾಯಕ್ಕೆ ಸುತ್ತಲೂ ಕಾಂಕ್ರೀಟ್ ತೊಲೆ ಹಾಕಬೇಕು. ಈ ಖರ್ಚನ್ನು ಪ್ಲಾಟಿನ ದರದಲ್ಲೇ ಸೇರಿಸಿ ಲೆಕ್ಕ ಹಾಕದವನಿಗೆ ಅಗ್ಗದ ಪ್ಲಾಟೇ ತುಟ್ಟಿ ಬೀಳುತ್ತದೆ.

ಹಳೇ ಮನೆಯ ಗೋಡೆ ದಪ್ಪ ಇದೆ ಎಂದು ಮಾರುವವರು ತಟ್ಟಿ ತೋರಿಸುತ್ತಾರೆ. 1993ರ ಸೆಪ್ಟೆಂಬರ್ 30ರ ನಸುಕು ಈ ಸೀಮೆಯವರಿಗೆ ಮರೆಯುವಂಥದ್ದಲ್ಲ. ಲಾತೂರ ಜಿಲ್ಲೆಯ ಕಿಲ್ಲಾರಿಯ ಸುತ್ತ ಭೂಮಿ ನಡುಗಿ ಸುಮಾರು ಹತ್ತು ಸಾವಿರ ಜನ ಹೋದರು. ಅವರ ಮೇಲೆ ಬಿದ್ದದ್ದು ಇಂಥವೇ ದಪ್ಪ ಗೋಡೆ, ಇಂಥವೇ ಮಣ್ಣಿನ ಮಾಳಿಗೆ. ಮಣ್ಣಿನಲ್ಲಿ ಕೂಡಿಸಿದ ಕಲ್ಲು, ಮೇಲೆ ಮಾಳಿಗೆಯ ಭಾರ, ನಡುವೆ ಬಿಗಿತ ಇಲ್ಲ. ಆದ್ದರಿಂದ ಹಳೇ ಮನೆಗೆ ದರ ಕಟ್ಟುವಾಗ ಜಾಗದ ಬೆಲೆ, ಕಲ್ಲು ಮತ್ತು ಸಾಗವಾನಿಯ ಬೆಲೆ ಕೂಡಿಸಿ, ಕೆಡವುವ ಖರ್ಚು ಕಳೆಯುವುದೇ ಸರಿಯಾದ ಲೆಕ್ಕ. ಗೋಡೆ ಹೊಟ್ಟೆ ಬಿಟ್ಟಿದೆಯೇ, ಮೂಲೆ ಬಿಚ್ಚಿದೆಯೇ, ಪಕ್ಕದವರ ಜೊತೆ ಸಾಮಾಯಿಕ ಗೋಡೆಯೇ, ಮಾಳಿಗೆ ನೀರು ಯಾರ ಅಂಗಳಕ್ಕೆ ಬೀಳುತ್ತದೆ, ಇವನ್ನೆಲ್ಲ ನೋಡಿ ಚೆಕ್ಕುಬಂದಿಯಲ್ಲಿ ಬರೆಸಬೇಕು. ಟೇಪು ಹಿಡಿದು ಅಳೆಯದೆ ಕೊಂಡವರು ಆಮೇಲೆ ಒಂದು ಮೊಳ ಜಾಗಕ್ಕೆ ಹತ್ತು ವರ್ಷ ಕೋರ್ಟು ಅಲೆಯುತ್ತಾರೆ.

ದರ ತಿಳಿಯುವುದು ಹೇಗೆ? ದಲ್ಲಾಳಿಯನ್ನು ಕೇಳಿದರೆ ಅವನ ದರ ಹೇಳುತ್ತಾನೆ. ಅದೇ ಓಣಿಯಲ್ಲಿ ಈಚೆಗೆ ಕೊಂಡವರನ್ನು ಕೇಳಬೇಕು, ಮಾರ್ಗಸೂಚಿ ಬೆಲೆ ನೋಡಬೇಕು, ಎರಡರ ನಡುವೆ ಎಲ್ಲೋ ಖರೆ ದರ ಇರುತ್ತದೆ. ಬಸ್ ನಿಲ್ದಾಣಕ್ಕೆ ಸಮೀಪ, ರಸ್ತೆಗೆ ಮುಖ ಎಂದರೆ ಒಂದು ದರ, ಒಳ ಗಲ್ಲಿಗೆ ಮತ್ತೊಂದು. ರಸ್ತೆ ಬದಿಯ ಜಾಗಕ್ಕೆ ಆಸೆಪಡುವ ಅಂಗಡಿಕಾರರು ಎಷ್ಟು ಬಿಟ್ಟು ಕಟ್ಟಬೇಕೆಂದು ಲೋಕೋಪಯೋಗಿ ಇಲಾಖೆಯಲ್ಲಿ ಕೇಳಿಕೊಳ್ಳಲಿ. ರಸ್ತೆ ಅಗಲವಾದ ದಿನ ಅರ್ಧ ಅಂಗಡಿ ಹೋದರೆ ಕೊಟ್ಟ ದರ ತಿರುಗಿ ಬರದು.

ಮಾರುವವರಿಗೂ ಎರಡು ಮಾತು. ರಾಶಿ ದುಡ್ಡು ಊರಲ್ಲಿ ಓಡಾಡುವ ಕಾಲದಲ್ಲಿ, ದೀಪಾವಳಿಯಿಂದ ಯುಗಾದಿಯವರೆಗೆ, ಗಿರಾಕಿ ಹೆಚ್ಚು. ಬಿತ್ತನೆ ಹೊತ್ತಿಗೆ ಬೀಜ-ಗೊಬ್ಬರಕ್ಕೇ ದುಡ್ಡು ಸಾಲದು, ಆಗ ಮಾರಹೊರಟರೆ ಅಗ್ಗಕ್ಕೆ ಕೇಳುತ್ತಾರೆ. ಮಗಳ ಮದುವೆ ಗೊತ್ತಾದ ಮೇಲೆ ಮನೆ ಮಾರಾಟಕ್ಕೆ ಇಡುವವರು ಬಹಳ. ಅವಸರ ಕಂಡ ಗಿರಾಕಿ ದರ ಮುರಿಯುತ್ತಾನೆ. ವರ್ಷ ಮುಂಚೆಯೇ ಇ-ಸ್ವತ್ತು, ವಂಶಾವಳಿ, ತೆರಿಗೆ ರಸೀದಿ ತಯಾರಿಟ್ಟರೆ ಅದೇ ಮನೆಗೆ ಒಳ್ಳೆಯ ದರ ಬರುತ್ತದೆ. ಬಯಾನಾ ಪತ್ರದಲ್ಲಿ ವಾಯಿದೆ ತಾರೀಖು ಬರೆಸಲೇಬೇಕು. ಇಲ್ಲದಿದ್ದರೆ 50,000 ಕೊಟ್ಟು ಮೂರು ವರ್ಷ ಮನೆ ಹಿಡಿದಿಟ್ಟುಕೊಳ್ಳುವ ಗಿರಾಕಿಯೂ ಸಿಕ್ಕಾನು. ತಾರೀಖು ಇದ್ದರೆ ಕೊಳ್ಳುವವನಿಗೂ ಅನುಕೂಲ, ಏಕೆಂದರೆ ಮಾರುವವನು ತಿರುಗಿಬಿದ್ದರೆ ಆ ತಾರೀಖಿನಿಂದ ಮೂರು ವರ್ಷದೊಳಗೆ ದಾವೆ ಹಾಕಬೇಕು.

ರಜಿಸ್ಟ್ರಿ ಆದ ದಿನ ಪೇಢೆ ಹಂಚಿ ಕೈತೊಳೆದುಕೊಳ್ಳುವವರು ಜೆಸ್ಕಾಂ ಮೀಟರನ್ನು ಮರೆಯುತ್ತಾರೆ. ಹಳೇ ಬಾಕಿ ಎಷ್ಟಿದೆ ನೋಡಿ, ಅದನ್ನು ಕಡಿಸಿಕೊಂಡೇ ಕೊನೆಯ ಕಂತು ಕೊಡಿ. ಮೀಟರು, ನಳ, ಪಂಚಾಯ್ತಿ ಖಾತೆ ಮೂರೂ ನಿಮ್ಮ ಹೆಸರಿಗೆ ಬರುವ ತನಕ ಮಾರಿದವರ ಫೋನ್ ನಂಬರು ಇಟ್ಟುಕೊಂಡಿರಿ. ಅವರ ಅಕ್ಕನ ನಂಬರು ಸಿಕ್ಕರೆ ಅದನ್ನೂ.